ಮೂರು ಹೆಂಗಸರ ಕೆಲಸ, ಒಬ್ಬಳೇ ಮುದುಕಿ

ಅತ್ತೆಗೆ ಮಂಡಿ ಆಪರೇಷನ್ ಆಗಿ ಮೂರ್ನೇ ವಾರ ನಡೀತಿತ್ತು. ವಾಕರ್ ಹಿಡ್ಕೊಂಡು ಹಾಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ವಾಪಸ್ ಹಾಲಿಗೆ, ಅಷ್ಟೇ ಪ್ರಪಂಚ. ಸೀರಿಯಲ್ಲುಗಳೂ ಸಾಕಾಗಿ ಹೋಗಿದ್ವು, "ಆ ಸೊಸೆ ಹೋದ ದೀಪಾವಳಿಯಿಂದ ಅಳ್ತಾನೇ ಇದಾಳೆ, ಇವಳಿಗೆ ಕಣ್ಣಲ್ಲಿ ನೀರಾದ್ರೂ ಎಲ್ಲಿಂದ ಬರತ್ತೋ" ಅಂತ ಬೈದು ರಿಮೋಟ್ ನನ್ನ ಕೈಗೆ ಕೊಟ್ಟು, "ನೀನು ನೋಡೋದೇ ಏನಾದ್ರೂ ಹಾಕು" ಅಂದ್ರು. ನಾನು ಹಾಕಿದ್ದು 'ಮರ್ಡರ್ ಷಿ ಸೆಡ್'. 1961ರ ಬ್ರಿಟಿಷ್ ಸಿನಿಮಾ, ಕಪ್ಪು ಬಿಳುಪು, ಒಂದೂವರೆ ಗಂಟೆನೂ ಇಲ್ಲ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅರ್ಧ ಗಂಟೆಗೆ ನಿದ್ದೆ ಹೋಗ್ತಾರೆ, ನಾನು ಆರಾಮಾಗಿ ನೋಡ್ಬಹುದು ಅನ್ನೋದು ನನ್ನ ಲೆಕ್ಕ.

ಇದು ನಾನು ಎಷ್ಟನೇ ಸಲ ನೋಡ್ತಿರೋದೋ ಲೆಕ್ಕ ಇಲ್ಲ, ಆದ್ರೆ ಮೊದಲನೇ ಸಲ ನೋಡ್ದಾಗ ಮೈಯೆಲ್ಲ ಉರಿದುಹೋಗಿತ್ತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. ಯಾಕಂದ್ರೆ ನಾನು ಅಗಾಥಾ ಕ್ರಿಸ್ಟಿನ ಓದಿಕೊಂಡೇ ಬೆಳೆದವಳು, ಕಾಲೇಜಿನ ದಿನಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದು, ಕೊನೇ ಪುಟ ಕಿತ್ತುಹೋಗಿದ್ರೆ ಕೊಲೆಗಾರ ಯಾರು ಅಂತ ನಾನೇ ತೀರ್ಮಾನ ಮಾಡ್ಕೊಂಡು ವಾಪಸ್ ಕೊಟ್ಟವಳು. ಈ ಸಿನಿಮಾ ಮಾಡಿರೋದು ಅವಳದೇ ಒಂದು ಪತ್ತೇದಾರಿ ಕಾದಂಬರಿಯಿಂದ. ಪುಸ್ತಕದಲ್ಲಿ ಕೊಲೆ ಪತ್ತೆ ಹಚ್ಚೋ ಮುದುಕಿ ಮಿಸ್ ಮಾರ್ಪಲ್ ಹೇಗಿರ್ತಾಳೆ ಅಂದ್ರೆ, ಎತ್ತರ, ತೆಳ್ಳಗೆ, ಬೆಳ್ಳಿ ಕೂದಲು, ನೀಲಿ ಕಣ್ಣು, ಕೈಯಲ್ಲಿ ಸದಾ ಹೆಣಿಗೆ. ಮೂಲೆ ಕುರ್ಚಿಯಲ್ಲಿ ಕೂತು ಉಣ್ಣೆ ಸುತ್ತುತಾ ಇರ್ತಾಳೆ, ಐದು ನಿಮಿಷ ಆದ್ಮೇಲೆ ಅಲ್ಲಿ ಒಬ್ಬಳು ಕೂತಿದಾಳೆ ಅನ್ನೋದೇ ಎಲ್ರಿಗೂ ಮರೆತುಹೋಗತ್ತೆ, ಅವ್ರ ಬಾಯಿ ಸಡಿಲ ಆಗತ್ತೆ, ಇವಳು ಎಲ್ಲಾ ಕೇಳಿಸ್ಕೋತಾಳೆ. ಅವಳ ವಿದ್ಯೆ ಪೂರ್ತಿ ಇರೋದೇ ಅಲ್ಲಿ.

ಇನ್ನು ಸಿನಿಮಾದಲ್ಲಿ ಮಾರ್ಪಲ್ ಆಗಿರೋ ನಟಿ ಮಾರ್ಗರೆಟ್ ರುದರ್‌ಫೋರ್ಡ್! ದಪ್ಪ ಮೈ, ಜೋತುಬಿದ್ದ ಗಲ್ಲ, ಆ ಗಲ್ಲಕ್ಕೆ ಬೇರೆ ಅದರದ್ದೇ ಒಂದು ಅಲುಗಾಟ, ಹೆಗಲ ಮೇಲೆ ಕೇಪು, ನಡ್ಕೊಂಡು ಬಂದ್ರೆ ರಥ ಬಂದ ಹಾಗೆ. ಈಯಮ್ಮ ರೂಮಿಗೆ ಬಂದ್ರೆ ಗೋಡೆ ಗಡಿಯಾರನೂ ತಿರುಗಿ ನೋಡ್ಬೇಕು, ಯಾರಿಗೆ ಮರೆಯಕ್ಕೆ ಸಾಧ್ಯ? ಕ್ರಿಸ್ಟಿಗೂ ಈ ಸಿನಿಮಾಗಳು ಹಿಡಿಸಲಿಲ್ಲ ಅಂತ ಗೊತ್ತಾದಾಗ ನನಗೆ ಒಳಗೊಳಗೇ ಖುಷಿ ಆಗಿತ್ತು. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಈಗ ನನಗೂ ಐವತ್ತು ದಾಟಿದೆ, ಬಸ್ಸಲ್ಲಿ ಹುಡುಗ್ರು ಎದ್ದು ಸೀಟ್ ಬಿಡಕ್ಕೆ ಶುರು ಮಾಡಿದಾರೆ, ಅದೇನೋ ಗೊತ್ತಿಲ್ಲ ಈ ಸಿನಿಮಾ ಮಾತ್ರ ಪ್ರತಿ ಸಲ ಬೇರೆ ಥರ ಕಾಣತ್ತೆ.

ಕಥೆ ಶುರುವಾಗೋದು ರೈಲಲ್ಲಿ. ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ಹೊರಟ ರೈಲು, ಮಿಸ್ ಮಾರ್ಪಲ್ ಒಬ್ಬಳೇ ಕೂತು ಪತ್ತೇದಾರಿ ಕಾದಂಬರಿ ಓದ್ತಾ ಇದಾಳೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಬರತ್ತೆ, ಸ್ವಲ್ಪ ದೂರ ಎರಡೂ ಜೊತೆಜೊತೆಗೇ ಓಡ್ತವೆ, ಆ ರೈಲಿನ ಒಂದು ಕಿಟಕಿ ಪರದೆ ಪಟ್ ಅಂತ ಮೇಲಕ್ಕೆ ಸುತ್ಕೊಳತ್ತೆ. ನೋಡಿದ್ರೆ ಒಬ್ಬ ಗಂಡಸಿನ ಬೆನ್ನು, ಅವನ ಕೈ ಒಬ್ಬ ಹೆಂಗಸಿನ ಕುತ್ತಿಗೆ ಮೇಲೆ. ಅಷ್ಟೇ, ಆ ರೈಲು ಮುಂದೆ ಹೋಗ್ಬಿಡತ್ತೆ. ಟಿಕೆಟ್ ಕಲೆಕ್ಟರ್‌ಗೆ ಹೇಳಿದ್ರೆ ಅವನು ಅವಳನ್ನ ನೋಡ್ತಾನೆ, ಅವಳ ಕೈಯಲ್ಲಿರೋ ಪುಸ್ತಕ ನೋಡ್ತಾನೆ, ಮುಗೀತು. ಪೊಲೀಸ್ರು ಹುಡುಕ್ತಾರೆ, ಹೆಣ ಇಲ್ಲ. ಇನ್ಸ್‌ಪೆಕ್ಟರ್ ಕ್ರ್ಯಾಡಕ್ ತುಂಬಾ ಮರ್ಯಾದಸ್ಥ, ದನಿ ಎತ್ತಲ್ಲ, ಮಗುಗೆ ಹೇಳೋ ಹಾಗೆ ಹೇಳ್ತಾನೆ. ಆ ಮರ್ಯಾದೆ ಇದ್ಯಲ್ಲ, ಅದು ಬೈಗುಳಕ್ಕಿಂತ ಕಷ್ಟ. ವಯಸ್ಸಾದವರ ಜೊತೆ ಡಾಕ್ಟ್ರು, ಬ್ಯಾಂಕಿನವ್ರು, ಸ್ವಂತ ಮಕ್ಕಳು ಕೂಡ ಹೀಗೇ ಮಾತಾಡೋದು, ನಿಧಾನವಾಗಿ, ಸ್ವಲ್ಪ ಜೋರಾಗಿ, ಹಲ್ಲು ಕಾಣೋ ಹಾಗೆ ನಗ್ತಾ.

ನಿದ್ದೆ ಹೋಗಬೇಕಿದ್ದ ಅತ್ತೆ ಎದ್ದು ಸರಿಯಾಗಿ ಕೂತ್ರು. "ನೋಡಿದ್ನಲ್ಲಪ್ಪ ನಾನೂ! ಕತ್ತು ಹಿಸುಕಿದ್ದು ನಾನೂ ನೋಡಿದೆ, ಆ ಪೊಲೀಸ್ ಯಾಕೆ ಒಪ್ತಿಲ್ಲ?"

ಇಲ್ಲಿಂದ ಮುಂದೆ ಸಿನಿಮಾ ಏನು ಮಾಡತ್ತೆ ಅಂತ ಗೊತ್ತಾಗ್ಬೇಕಾದ್ರೆ ಪುಸ್ತಕದಲ್ಲಿ ಏನಿತ್ತು ಅಂತ ಗೊತ್ತಿರ್ಬೇಕು. ಪುಸ್ತಕ '4.50 ಫ್ರಮ್ ಪ್ಯಾಡಿಂಗ್ಟನ್', 1957ರದ್ದು. ಅದರಲ್ಲಿ ಕೊಲೆ ನೋಡೋದು ಮಾರ್ಪಲ್ ಅಲ್ಲವೇ ಅಲ್ಲ, ಅವಳ ಗೆಳತಿ ಎಲ್ಸ್‌ಪೆತ್ ಮೆಕ್‌ಗಿಲಿಕಡಿ, ಕ್ರಿಸ್‌ಮಸ್ ಶಾಪಿಂಗ್ ಮುಗಿಸ್ಕೊಂಡು ಬರ್ತಿರೋಳು. ಮಾರ್ಪಲ್ ಮ್ಯಾಪು, ರೈಲಿನ ಟೈಮ್‌ಟೇಬಲ್ ಎಲ್ಲ ಇಟ್ಕೊಂಡು ಹೆಣವನ್ನ ರೈಲಿಂದ ಎಲ್ಲಿ ತಳ್ಳಿರಬಹುದು ಅಂತ ಲೆಕ್ಕ ಹಾಕ್ತಾಳೆ, ರೈಲುಹಳಿ ಪಕ್ಕದ ಒಂದು ದೊಡ್ಡ ಬಂಗಲೆ ಅಂತ ಗೊತ್ತಾಗತ್ತೆ. ಆದ್ರೆ ಅಲ್ಲಿಗೆ ಹೋಗಿ ಹುಡುಕಕ್ಕೆ ಮೈಯಲ್ಲಿ ಶಕ್ತಿ ಇಲ್ಲ, ವಯಸ್ಸಾಯ್ತು. ಅದಕ್ಕೆ ಲೂಸಿ ಐಲ್ಸ್‌ಬ್ಯಾರೋ ಅನ್ನೋ ಚುರುಕು ಹುಡುಗಿನ ಆ ಮನೆಗೆ ಕೆಲಸಕ್ಕೆ ಸೇರಿಸ್ತಾಳೆ. ಲೂಸಿ ಆಕ್ಸ್‌ಫರ್ಡಲ್ಲಿ ಗಣಿತ ಓದಿ ಫಸ್ಟ್ ಕ್ಲಾಸ್ ಬಂದವಳು, ಮನೆಗೆಲಸದವರು ಸಿಗದೇ ಇರೋ ಕಾಲದಲ್ಲಿ ಅದೇ ಒಳ್ಳೆ ಸಂಪಾದನೆ ಅಂತ ಕಂಡುಕೊಂಡವಳು, ಕ್ರಿಸ್ಟಿ ಸೃಷ್ಟಿಸಿದ ಪಾತ್ರಗಳಲ್ಲೇ ನನಗೆ ಅಚ್ಚುಮೆಚ್ಚು. ಅಂದ್ರೆ ನೋಡೋಳು ಒಬ್ಬಳು, ಯೋಚಿಸೋಳು ಒಬ್ಬಳು, ಓಡಾಡೋಳು ಒಬ್ಬಳು.

ಸಿನಿಮಾದವ್ರು ಗೆಳತಿನೂ ತೆಗೆದ್ರು, ಲೂಸಿನೂ ತೆಗೆದ್ರು. ಮೂರು ಹೆಂಗಸರ ಕೆಲಸ ಒಬ್ಬಳ ತಲೆಗೇ ಕಟ್ಟಿದ್ರು. ಬಹುಶಃ ಕಥೆ ಚಿಕ್ಕದಾಗ್ಲಿ ಅಂತ ಇರ್ಬೇಕು, ದೊಡ್ಡ ಸ್ಟಾರ್ ಸಿಕ್ಕಿದಾಳೆ ಎಲ್ಲ ಸೀನಲ್ಲೂ ಇರ್ಲಿ ಅಂತನೂ ಇರ್ಬೇಕು, ಸ್ತ್ರೀ ವಿಮೋಚನೆಗೆ ಅಂತ ಖಂಡಿತ ಅಲ್ಲ. ಆದ್ರೆ ಅದರಿಂದ ಆದದ್ದೇನು ಅಂದ್ರೆ, ಮಾರ್ಪಲ್ ಪುಸ್ತಕದಲ್ಲಿ ಯಾವುದಕ್ಕೆ "ನನಗೆ ವಯಸ್ಸಾಯ್ತು" ಅಂದಿದ್ಲೋ ಅದನ್ನೆಲ್ಲ ಇಲ್ಲಿ ಅವಳೇ ಮಾಡ್ತಾಳೆ. ರುದರ್‌ಫೋರ್ಡ್ ಹುಟ್ಟಿದ್ದು 1892ರಲ್ಲಿ, ಸಿನಿಮಾ ಬಂದಾಗ ಅವಳಿಗೆ 69.

ಮೊದಲು ರೈಲು ಹಳಿ ರಿಪೇರಿ ಮಾಡೋ ಗ್ಯಾಂಗ್‌ಮನ್ ವೇಷ. ಜೊತೆಗೆ ಊರಿನ ಲೈಬ್ರೇರಿಯನ್ ಮಿಸ್ಟರ್ ಸ್ಟ್ರಿಂಗರ್, ಪುಸ್ತಕದಲ್ಲಿ ಎಲ್ಲೂ ಇಲ್ಲದ ಪಾತ್ರ, ಸಣ್ಣ ಜೀವ, ಪುಕ್ಕಲು, ಇವಳು ಕರೆದಲ್ಲೆಲ್ಲ "ಬೇಡ, ಬೇಡ" ಅಂತಾನೇ ಹಿಂದೆ ಬರ್ತಾನೆ. ಇಬ್ರೂ ಹಳಿ ಉದ್ದಕ್ಕೂ ಹುಡುಕಿ ಬಂಗಲೆಯ ಕಾಂಪೌಂಡ್ ಗೋಡೆವರೆಗೆ ಬರ್ತಾರೆ. ಆಮೇಲೆ ಅದೇ ಬಂಗಲೆಗೆ ಕೆಲಸದವಳಾಗಿ ಹೋಗೋದು, ಟ್ರೇ ಹೊತ್ಕೊಂಡು ಮಹಡಿ ಹತ್ತೋದು, ಬಿಡುವಾದಾಗ ಗಾಲ್ಫ್ ಆಡೋ ನೆಪದಲ್ಲಿ ಹೆಣ ಹುಡುಕೋದು. ಚೆಂಡು ಎಲ್ಲಿ ಬಿತ್ತೋ ಅಲ್ಲೆಲ್ಲ ಹೋಗ್ಬಹುದಲ್ಲ, ಯಾರು ಕೇಳ್ತಾರೆ. (ಈ ಗಾಲ್ಫ್ ಐಡಿಯಾ ಪುಸ್ತಕದಲ್ಲಿ ಲೂಸಿದು, ಪಾಪ.)

ಇದರಲ್ಲಿ ನಗು ಬರತ್ತೆ, ತುಂಬಾ ಬರತ್ತೆ, ಆದ್ರೆ ಯಾರನ್ನ ನೋಡಿ ನಗ್ತಿದೀವಿ ಅಂತ ಒಂದು ಸಲ ಗಮನಿಸಿ. ಸಿನಿಮಾದಲ್ಲಿ ಮುದುಕಿ ಅಂದ್ರೆ ನಮಗೆ ಗೊತ್ತಿರೋದು ನಾಲ್ಕೇ ಕೆಲಸ, ಕೆಮ್ಮೋದು, ಶಾಪ ಹಾಕೋದು, ಆಶೀರ್ವಾದ ಮಾಡೋದು, ಇಂಟರ್ವಲ್ ಹತ್ತಿರ ಸಾಯೋದು. ಕಾಮಿಡಿ ಮುದುಕಿ ಆದ್ರೆ ಬೊಚ್ಚು ಬಾಯಿ, ಕಿವುಡು, ಬಿದ್ದು ಎದ್ದು ಒದ್ದಾಡೋದು. ರುದರ್‌ಫೋರ್ಡ್ ಇಲ್ಲಿ ಒಂದು ಸಲನೂ "ನೋಡಿ ನಾನೆಷ್ಟು ತಮಾಷೆ" ಅನ್ನಲ್ಲ. ಏನೇ ಮಾಡ್ಲಿ ಪೂರ್ತಿ ಸೀರಿಯಸ್ಸು, ತುಟಿ ಒಂಥರಾ ಅಗಿಯೋ ಹಾಗೆ ಮಾಡ್ತಾಳೆ, ಕಣ್ಣು ಕಿರಿದಾಗತ್ತೆ, ಗಲ್ಲ ಒಂದು ಸಲ ಅಲುಗತ್ತೆ, ಅಂದ್ರೆ ತಲೆ ಒಳಗೆ ಏನೋ ಜೋಡಣೆ ಆಯ್ತು ಅಂತ ಅರ್ಥ. ಬೆಪ್ಪಾಗೋರು ಯಾವಾಗ್ಲೂ ಎದುರಿಗಿರೋರು, ಇನ್ಸ್‌ಪೆಕ್ಟ್ರು, ಬಂಗಲೆಯ ಸೋಮಾರಿ ಗಂಡುಮಕ್ಕಳು. ಮೈ ಭಾರ ಇದೆ, ಮಂಡಿ ನೋಯತ್ತೇನೋ, ಆದ್ರೂ ಮಾಡ್ತಾಳೆ, ಅದನ್ನ ಸಿನಿಮಾ ದೊಡ್ಡ ಪವಾಡ ಅಂತ ತೋರಿಸಲ್ಲ, ಅದೇ ನನಗೆ ಇಷ್ಟ.

ಅತ್ತೆ ಮಾತ್ರ ಬೇರೆ ಕಡೆ ನೋಡ್ತಿದ್ರು. "ಇವಳು ಯಾವತ್ತೂ ಇನ್ನೊಬ್ರ ಮನೆ ಕೆಲಸ ಮಾಡಿದೋಳಲ್ಲ ಬಿಡು. ಆ ಟ್ರೇ ಹಿಡ್ಕೊಂಡಿರೋ ಗತ್ತು ನೋಡು, ಪ್ರೈಜ್ ತಗೊಂಡು ಬರ್ತಿರೋ ಹಾಗೆ." ಸರಿಯಾಗೇ ಹೇಳಿದ್ರು. ಇಂಗ್ಲೆಂಡಲ್ಲಿ ಎರಡನೇ ಮಹಾಯುದ್ಧ ಆದ್ಮೇಲೆ ಮನೆಗೆಲಸಕ್ಕೆ ಜನ ಸಿಗೋದೇ ದೊಡ್ಡ ತಾಪತ್ರಯ ಆಗಿತ್ತು, ದೊಡ್ಡ ಬಂಗಲೆಗಳಿಗೆ ಬಣ್ಣ ಹಚ್ಚಕ್ಕೂ ಗತಿ ಇರಲಿಲ್ಲ, ಯಾರು ಬಂದ್ರೂ ಕೈಮುಗಿದು ಒಳಗೆ ಕರ್ಕೊಳ್ಳೋ ಪರಿಸ್ಥಿತಿ. ಆ ಕಾಲದ ಗೊಂದಲವನ್ನೇ ಈ ಕಥೆ ಬಳಸ್ಕೊಳತ್ತೆ, ಇಲ್ಲಾಂದ್ರೆ ಇಂಥಾ ಗತ್ತಿನ ಹೆಂಗಸಿಗೆ ಕೆಲಸ ಕೊಟ್ಟು ಯಾರೂ ಅನುಮಾನನೂ ಪಡದೇ ಇರೋದು ಹೇಗೆ.

ಬಂಗಲೆಯ ಯಜಮಾನ ಆಕೆನ್‌ಥಾರ್ಪ್, ನಟ ಜೇಮ್ಸ್ ರಾಬರ್ಟ್‌ಸನ್ ಜಸ್ಟಿಸ್, ಗಡ್ಡ, ಗುಡುಗಿನ ಗಂಟಲು, ಹಾಸಿಗೆಯಲ್ಲಿ ಮಲಗಿಕೊಂಡೇ ಇಡೀ ಮನೆನ ಗದರಿಸೋ ಮುದುಕ. ಅವನ ಆಸ್ತಿಗೆ ಕಾಯ್ಕೊಂಡು ಕೂತಿರೋ ಮಕ್ಕಳು, ಅಳಿಯ. ಎಲ್ರೂ ಅವನಿಗೆ ಹೆದರ್ತಾರೆ, ಹೊಸ ಕೆಲಸದವಳು ಮಾತ್ರ ಒಂದು ಬೈದ್ರೆ ಎರಡು ವಾಪಸ್ ಕೊಡ್ತಾಳೆ. ಈ ಇಬ್ಬರ ಜಗಳ ಸಿನಿಮಾದ ಅರ್ಧ ಮಜಾ. ಇನ್ನರ್ಧ ಮಜಾ ಆ ಮನೆಯ ಮೊಮ್ಮಗ ಅಲೆಕ್ಸಾಂಡರ್, ದೊಡ್ಡವರ ಥರ ಮಾತಾಡೋ ತಲೆಹರಟೆ ಹುಡುಗ, ಮಾರ್ಪಲ್ ಏನು ಮಾಡ್ತಿದಾಳೆ ಅಂತ ಆ ಮನೆಯಲ್ಲಿ ಎಲ್ರಿಗಿಂತ ಮುಂಚೆ ವಾಸನೆ ಹಿಡಿಯೋದು ಅವನೇ. ಮಧ್ಯದಲ್ಲಿ ಮಾರ್ಪಲ್ ಮಾಡಿದ ಬಾತುಕೋಳಿ ಕರಿ ತಿಂದು ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟು, ಒಬ್ಬ ಸತ್ತೇ ಹೋಗ್ತಾನೆ, ಆರ್ಸೆನಿಕ್ ವಿಷ. ಇಂಗ್ಲಿಷ್ ಪತ್ತೇದಾರಿ ಕಥೆಗಳಲ್ಲಿ ಕರಿ ಬಂತು ಅಂದ್ರೆ ವಿಷ ಬಂತು ಅಂತಾನೇ ಲೆಕ್ಕ. ಮಸಾಲೆ ಘಾಟಲ್ಲಿ ರುಚಿ ಗೊತ್ತಾಗಲ್ಲ ಅಂತ ಅವ್ರ ನಂಬಿಕೆ ಇರ್ಬೇಕು. ಅತ್ತೆಗೆ ಇದನ್ನ ಹೇಳಿದೆ, "ಒಗ್ಗರಣೆ ಸರಿಯಾಗಿ ಹಾಕಿದ್ರೆ ತಾನೇ" ಅಂದ್ರು.

ಅಡುಗೆಮನೆ ಸೀನ್ ಬಂದಾಗ ಒಂದು ನಿಮಿಷ ಪಾಸ್ ಮಾಡ್ದೆ, ನಾನು ಪ್ರತಿ ಸಲ ಮಾಡ್ತೀನಿ. ಅಲ್ಲಿ ಮಿಸೆಸ್ ಕಿಡ್ಡರ್ ಅಂತ ಒಬ್ಬಳು ಇದಾಳೆ, ಸಿಡುಕು ಮೋರೆ, ಚಿಕ್ಕ ಪಾತ್ರ. ಆ ನಟಿ ಜೋನ್ ಹಿಕ್ಸನ್. 1984ರಿಂದ 92ರವರೆಗೆ ಬಿಬಿಸಿಯಲ್ಲಿ ಹನ್ನೆರಡೂ ಮಾರ್ಪಲ್ ಕಾದಂಬರಿಗಳು ಬಂದ್ವಲ್ಲ, ಅದರಲ್ಲಿ ಮಿಸ್ ಮಾರ್ಪಲ್ ಆಗಿದ್ದೋಳು ಈಕೆನೇ. ಪುಸ್ತಕದಿಂದ ಎದ್ದು ಬಂದ ಹಾಗೆ, ತೆಳ್ಳಗೆ, ತಣ್ಣಗೆ, ಮೂಲೆಯಲ್ಲಿ ಕೂತರೆ ಕಾಣದ ಹಾಗೆ. ಶುರು ಮಾಡ್ದಾಗ ಅವಳಿಗೆ 78. 1987ರಲ್ಲಿ ಇದೇ ಪ್ಯಾಡಿಂಗ್ಟನ್ ಕಥೆನ ಅವಳೇ ಮಾರ್ಪಲ್ ಆಗಿ ಮಾಡಿದ್ಲು. ಇನ್ನೂ ಮಜಾ ಏನು ಗೊತ್ತಾ, 1940ರ ದಶಕದಲ್ಲೇ ಹಿಕ್ಸನ್‌ನ ನಾಟಕದಲ್ಲಿ ನೋಡಿ ಕ್ರಿಸ್ಟಿ ಅವಳಿಗೆ ಒಂದು ಕಾಗದ ಬರೆದಿದ್ಲು, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗ್ತೀರಿ ಅಂತ ಆಸೆ ಇಟ್ಕೊಂಡಿದೀನಿ ಅಂತ. ಆ ಕಾಗದ ಬಂದಿದ್ದ ಹೆಂಗಸು 1961ರಲ್ಲಿ ಬೇರೆ ಮಾರ್ಪಲ್ ಪಕ್ಕ ಅಡುಗೆಮನೆಯಲ್ಲಿ ಸಿಡುಕ್ತಾ ನಿಂತಿದಾಳೆ! ಇಬ್ಬರಲ್ಲಿ ಯಾರು ನಿಜವಾದ ಮಾರ್ಪಲ್ ಅಂತ ನಾನು ಎಷ್ಟೋ ವರ್ಷ ಫ್ರೆಂಡ್ಸ್ ಜೊತೆ ಜಗಳ ಆಡಿದೀನಿ, ಯಾವಾಗ್ಲೂ ಹಿಕ್ಸನ್ ಕಡೆಗೆ. ಈಗ್ಲೂ ಕೇಳಿದ್ರೆ ಹಿಕ್ಸನ್ನೇ ಅಂತೀನಿ. ಆದ್ರೆ ಬೇಜಾರಾದ ದಿನ ಹಾಕೋದು ರುದರ್‌ಫೋರ್ಡ್‌ದು.

ರುದರ್‌ಫೋರ್ಡ್ ಈ ಪಾತ್ರ ಮಾಡಕ್ಕೆ ಮೊದಲು ಹಿಂಜರಿದಿದ್ಲು, ಕೊಲೆಯನ್ನ ಮನರಂಜನೆ ಮಾಡೋದು ಅವಳಿಗೆ ಸರಿಬರ್ತಿರಲಿಲ್ಲ, ನಿರ್ದೇಶಕ ಜಾರ್ಜ್ ಪೊಲಾಕ್ ಒಪ್ಪಿಸಬೇಕಾಯ್ತು ಅಂತ ಓದಿದಾಗ ನಾನು ಇದು ಹಳೇ ಕಾಲದ ಮಡಿವಂತಿಕೆ ಅಂದ್ಕೊಂಡಿದ್ದೆ. ಕಾರಣ ಆಮೇಲೆ ಗೊತ್ತಾಯ್ತು. ಅವಳ ಅಪ್ಪನ ಹೆಸರು ವಿಲಿಯಂ ರುದರ್‌ಫೋರ್ಡ್ ಬೆನ್. ಮದುವೆ ಆದ ಹೊಸದರಲ್ಲೇ ಅವನ ಮನಸ್ಸು ಕೆಟ್ಟಿತು. ವಿಶ್ರಾಂತಿಗೆ ಅಂತ ಅವನ ಅಪ್ಪ, ಪಾದ್ರಿ ಜೂಲಿಯಸ್ ಬೆನ್, ಅವನನ್ನ ಡರ್ಬಿಶೈರ್‌ನ ಮ್ಯಾಟ್‌ಲಾಕ್‌ಗೆ ಕರ್ಕೊಂಡು ಹೋದ. 1883ರಲ್ಲಿ ಅಲ್ಲಿ ಮಗ ಅಪ್ಪನನ್ನೇ ಹೊಡೆದು ಕೊಂದ, ರಾತ್ರಿ ಹೊತ್ತು ಮೂತ್ರಕ್ಕೆ ಅಂತ ಮಂಚದ ಕೆಳಗೆ ಇಡ್ತಿದ್ರಲ್ಲ, ಆ ಪಿಂಗಾಣಿ ಪಾತ್ರೆಯಲ್ಲಿ. ಬ್ರಾಡ್‌ಮೂರ್ ಅನ್ನೋ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಏಳು ವರ್ಷ ಇಟ್ಟು ಬಿಟ್ರು. ಹೊರಗೆ ಬಂದವನು ಬೆನ್ ಅನ್ನೋ ಮನೆತನದ ಹೆಸರು ತೆಗೆದುಹಾಕಿ ಬರೀ ರುದರ್‌ಫೋರ್ಡ್ ಅಂತ ಇಟ್ಕೊಂಡ, ಮಗಳು ಹುಟ್ಟಿದ್ಲು, ಹೆಂಡತಿ ಮತ್ತೆ ಕೂಸನ್ನ ಕರ್ಕೊಂಡು ಮದ್ರಾಸಿಗೆ ಬಂದ.

ಹೌದು, ನಮ್ಮ ಮದ್ರಾಸ್. ಮಾರ್ಗರೆಟ್‌ಗೆ ಮೂರು ವರ್ಷ ಇದ್ದಾಗ ಅವಳ ಅಮ್ಮ ಇಲ್ಲಿ ಆತ್ಮಹತ್ಯೆ ಮಾಡ್ಕೊಂಡ್ಲು. ಮಗುನ ಇಂಗ್ಲೆಂಡಿಗೆ ವಾಪಸ್ ಕಳಿಸಿದ್ರು, ವಿಂಬಲ್ಡನ್‌ನಲ್ಲಿ ಸಾಕಿದ್ದು ಅಮ್ಮನ ಕಡೆಯ ಸಂಬಂಧಿ ಬೆಸ್ಸಿ. ಅಪ್ಪ ಸತ್ತುಹೋದ ಅಂತ ಹೇಳಿ ಬೆಳೆಸಿದ್ರು, ಆದ್ರೆ ಅಪ್ಪ ಬದುಕಿದ್ದ, ಮತ್ತೆ ಬ್ರಾಡ್‌ಮೂರ್ ಸೇರಿದ್ದ, ಅದು ಅವಳಿಗೆ ಬೆಳೀತಾ ಗೊತ್ತಾಯ್ತು. ತನಗೂ ಹಾಗೇ ಆಗಬಹುದು ಅನ್ನೋ ಭಯ ಜೀವನ ಪೂರ್ತಿ ಇತ್ತು, ಆಗಾಗ ಖಿನ್ನತೆಗೂ ಹೋಗ್ತಿದ್ಲು. ಬಿಟ್ಟುಹೋದ ಆ ಬೆನ್ ಮನೆತನ ಬೇರೆ ದಾರಿಯಲ್ಲಿ ಬೆಳೀತು, ಅವಳ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಲ್ಲಿ ಒಬ್ಬ ವಿಲಿಯಂ ವೆಜ್‌ವುಡ್ ಬೆನ್, 1929ರಿಂದ 31ರವರೆಗೆ ಬ್ರಿಟಿಷ್ ಸರ್ಕಾರದಲ್ಲಿ ಭಾರತ ವ್ಯವಹಾರಗಳ ಮಂತ್ರಿ, ಅಂದ್ರೆ ಗಾಂಧೀಜಿ ಉಪ್ಪು ಮಾಡಿದಾಗ ಲಂಡನ್ನಲ್ಲಿ ನಮ್ಮ ಫೈಲು ಇದ್ದಿದ್ದು ಅವನ ಟೇಬಲ್ ಮೇಲೆ.

ರುದರ್‌ಫೋರ್ಡ್ ಅನ್ನೋ ಹೆಸರೇ ಒಂದು ಕೊಲೆಯನ್ನ ಮುಚ್ಚಿಡಕ್ಕೆ ಇಟ್ಕೊಂಡಿದ್ದು. ಇನ್ನೊಂದು ಹೇಳ್ತೀನಿ, ಕ್ರಿಸ್ಟಿಯ ಪುಸ್ತಕದಲ್ಲಿ ಹೆಣ ಬಚ್ಚಿಟ್ಟಿರೋ ಆ ಬಂಗಲೆಯ ಹೆಸರೇನು ಗೊತ್ತಾ? ರುದರ್‌ಫೋರ್ಡ್ ಹಾಲ್. ಸಿನಿಮಾ ಬರೋ ನಾಲ್ಕು ವರ್ಷ ಮುಂಚೆ ಬರೆದಿದ್ದು, ಬರೀ ಕಾಕತಾಳೀಯ, ಸಿನಿಮಾದಲ್ಲಿ ಆಕೆನ್‌ಥಾರ್ಪ್ ಹಾಲ್ ಅಂತ ಬದಲಾಯ್ಸಿದಾರೆ. ಆದ್ರೂ ಓದುವಾಗ ನನಗೆ ಬೆನ್ನಲ್ಲಿ ತಣ್ಣಗಾಯ್ತು.

ಇವಳು ನಟನೆಗೆ ಬಂದಿದ್ದೇ ತಡ. ಪಿಯಾನೋ ಪಾಠ ಹೇಳ್ಕೊಂಡು ಇದ್ದೋಳು, 1925ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ಕಂಪನಿಗೆ ಸೇರಿದಾಗ 33 ವಯಸ್ಸು. ಆಸ್ಕರ್ ಬಂದಿದ್ದು ಎಪ್ಪತ್ತು ದಾಟಿದ ಮೇಲೆ, 'ದ ವಿಐಪೀಸ್' ಅನ್ನೋ ಬೇರೆ ಸಿನಿಮಾಗೆ. ಮಾರ್ಪಲ್ ಮುಖ್ಯಪಾತ್ರವಾಗಿರೋ ಸಿನಿಮಾ ಒಟ್ಟು ನಾಲ್ಕು ಮಾಡಿದ್ಲು, ಎಲ್ಲ 1964ರ ಒಳಗೆ, ಎಲ್ಲದಕ್ಕೂ ಪೊಲಾಕ್ ನಿರ್ದೇಶನ, ರಾನ್ ಗುಡ್ವಿನ್ ಸಂಗೀತ. ಆ ಟೈಟಲ್ ಟ್ಯೂನ್ ಒಂದು ಸಲ ಕೇಳಿದ್ರೆ ಪಾತ್ರೆ ತೊಳೆಯೋವಾಗ್ಲೂ ಬಿಡಲ್ಲ, ಹಾರ್ಪ್ಸಿಕಾರ್ಡ್ ಅಂತ ಪಿಯಾನೋ ಥರದ ಹಳೇ ವಾದ್ಯದ ಕುಣಿತ. ಎರಡನೇದರಲ್ಲಿ ಟ್ವಿಸ್ಟ್ ಡ್ಯಾನ್ಸ್ ಮಾಡ್ತಾಳೆ, ನಾಲ್ಕನೇದರಲ್ಲಿ ಹಡಗಿನ ಮೇಲೆ ಕತ್ತಿವರಸೆ. ಮೂರನೇದರಲ್ಲಿ ಜ್ಯೂರಿಯಲ್ಲಿ ಹನ್ನೊಂದು ಜನ ಒಂದು ಕಡೆ, ಇವಳೊಬ್ಬಳು ಇನ್ನೊಂದು ಕಡೆ. ಎರಡನೇದು, ಮೂರನೇದು ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪ್ವಾರೋನ ಕಾದಂಬರಿಗಳನ್ನ ಹರಿದು ಹೊಲಿದಿದ್ದು, ನಾಲ್ಕನೇದಕ್ಕಂತೂ ಕ್ರಿಸ್ಟಿಯ ಪುಸ್ತಕನೇ ಇಲ್ಲ. ಕ್ರಿಸ್ಟಿಗೆ ಕೋಪ ಬಂದಿದ್ರೆ ತಪ್ಪಿಲ್ಲ. ಆದ್ರೂ ಅವಳು ಮಾಡಿದ್ದು ನೋಡಿ, 1962ರಲ್ಲಿ ಬಂದ ಒಂದು ಮಾರ್ಪಲ್ ಕಾದಂಬರಿನ ರುದರ್‌ಫೋರ್ಡ್‌ಗೇ ಅರ್ಪಣೆ ಮಾಡಿದ್ಲು, ಮೆಚ್ಚುಗೆಯಿಂದ ಅಂತ. ಸಿನಿಮಾ ಬೇಡ, ಆ ಹೆಂಗಸು ಇಷ್ಟ.

ಪತ್ತೇದಾರಿ ಕಥೆಯಾಗಿ ಇದಕ್ಕೆ ನಾನು ಹತ್ತಕ್ಕೆ ಐದೂವರೆ ಕೊಡ್ತೀನಿ, ಜಾಸ್ತಿ ಇಲ್ಲ. ಸುಳಿವುಗಳು ತೆಳು, ಗಂಡುಮಕ್ಕಳಲ್ಲಿ ಯಾರು ಯಾರು ಅಂತ ಅರ್ಧ ಸಿನಿಮಾ ಆದ್ರೂ ತಲೆಗೆ ಹತ್ತಲ್ಲ, ಕೊಲೆಗಾರನನ್ನ ಹಿಡಿಯೋ ಕೊನೇ ಟ್ರಿಕ್ ಪುಸ್ತಕದಲ್ಲಿ ಎಷ್ಟು ಚೆನ್ನಾಗಿದೆ ಅಂತ ನೆನೆಸ್ಕೊಂಡ್ರೆ ಇಲ್ಲಿ ಸಪ್ಪೆ. ಯಾರು ಅಂತ ಹೇಳಲ್ಲ, ನೋಡಿ.

ಎಲ್ಲ ಮುಗಿದ ಮೇಲೆ ಆಕೆನ್‌ಥಾರ್ಪ್ ಮುದುಕ ಮಾರ್ಪಲ್‌ಗೆ ನನ್ನ ಮದುವೆ ಆಗು ಅಂತಾನೆ, ಅವನ ಸ್ಟೈಲಲ್ಲಿ, ಆರ್ಡರ್ ಕೊಟ್ಟ ಹಾಗೆ. ಅವಳು ಬೇಡ ಅಂತಾಳೆ. ಅತ್ತೆಗೆ ಖುಷಿಯೋ ಖುಷಿ, "ಸರಿಯಾಗ್ ಮಾಡಿದ್ಲು, ಈ ವಯಸ್ಸಲ್ಲಿ ಅವನಿಗೆ ಗಂಜಿ ಕಾಯಿಸ್ಕೊಂಡು ಯಾರು ಕೂರ್ತಾರೆ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾ ಕಣೇ, ಆ ಲೈಬ್ರರಿಯವನು ಅವಳ ಗಂಡ ಅಲ್ವಾ?"

"ಇಲ್ಲ ಅತ್ತೆ, ಫ್ರೆಂಡು ಅಷ್ಟೇ. ಇದರಲ್ಲಿ ಅವಳಿಗೆ ಮದುವೆನೇ ಆಗಿಲ್ಲ."

"ಕಥೆಯಲ್ಲಲ್ಲ. ನಿಜವಾಗಿ."

ನಾನು ಸುಮ್ಮನೆ ಅವ್ರ ಮುಖ ನೋಡಿದೆ. ಮಿಸ್ಟರ್ ಸ್ಟ್ರಿಂಗರ್ ಪಾತ್ರ ಮಾಡಿರೋನ ಹೆಸರು ಸ್ಟ್ರಿಂಗರ್ ಡೇವಿಸ್, ರುದರ್‌ಫೋರ್ಡ್‌ಳ ಗಂಡ. 1930ರ ಸುಮಾರಿಗೆ ಪರಿಚಯ ಆಗಿ, ಹದಿನೈದು ವರ್ಷ ಕಾದು, 1945ರಲ್ಲಿ ಮದುವೆ, ಅವಳಿಗೆ ಐವತ್ತೆರಡು ದಾಟಿತ್ತು, ಅವನು ಏಳು ವರ್ಷ ಚಿಕ್ಕವನು. ಪುಸ್ತಕದಲ್ಲಿ ಇಲ್ಲದ ಆ ಲೈಬ್ರೇರಿಯನ್ ಪಾತ್ರ ಬಂದಿದ್ದೇ ಅವನಿಗೋಸ್ಕರ. ಅವಳು 1972ರ ಮೇ ತಿಂಗಳಲ್ಲಿ ಹೋದ್ಲು, ಮುಂದಿನ ವರ್ಷ ಅವನೂ ಹೋದ. ಇದೆಲ್ಲ ನನಗೆ ಗೊತ್ತಾಗಿದ್ದು ಓದಿ, ಸಿನಿಮಾ ಐದಾರು ಸಲ ನೋಡಿದ ಮೇಲೆ. ಅತ್ತೆ ನೋಡಿದ್ದು ಒಂದು ಸಲ, ಇಂಗ್ಲಿಷ್ ಕಾಲುಭಾಗ ಅರ್ಥ ಆಗಿರ್ಬಹುದು.

"ನಿಮಗೆ ಹೇಗೆ ಗೊತ್ತಾಯ್ತು?"

"ಮಿಕ್ಕೋರೆಲ್ಲ ಅವಳ ಮುಖ ನೋಡ್ಕೊಂಡು ಮಾತಾಡ್ತಾರೆ. ಅವನೊಬ್ಬ ಅವಳ ಕಾಲು ನೋಡ್ತಾ ಇರ್ತಾನೆ, ಎಲ್ಲಿ ಎಡವ್ತಾಳೋ ಅಂತ" ಅಂದ್ರು, ವಾಕರ್ ಹತ್ತಿರಕ್ಕೆ ಎಳ್ಕೊಂಡು.